ಬೂದಿ ಬಣ್ಣದ ದಂಡು

ನನ್ನ ತಮ್ಮನ ಕೋಣೆಯಲ್ಲಿ ಒಂದು ದಂಡು ಇದೆ. ಒಬ್ಬೊಬ್ಬ ಸೈನಿಕನೂ ಹೆಬ್ಬೆರಳಿನಷ್ಟು ಎತ್ತರ. ಮೊದಲು ಅಮ್ಮನ ಕಂಚಿನ ಸಾಮಾನು ಇರುತ್ತಿದ್ದ ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತಿದ್ದಾರೆ. ಅವನು ಹೋದಮೇಲೆ ಬಾಗಿಲು ತೆಗೆದು ಧೂಳು ಒರೆಸಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಕೈ ಬರಲಿಲ್ಲ.

ಬೆಂಗಳೂರಿನ ಶ್ರೀನಗರದ ಈ ಮಹಡಿ ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ನನಗೂ ಮದುವೆಯಾಗಲಿಲ್ಲ, ಅವನಿಗೂ ಆಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದ ನೆಂಟರು ಕ್ರಮೇಣ ಕೇಳುವುದನ್ನು ಬಿಟ್ಟರು. ನಾನು ಪಿಯುಸಿ ಓದಿ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದವಳು. ಅವನು ಜಯನಗರದ ಒಂದು ಲ್ಯಾಬಿನಲ್ಲಿ ಹಲ್ಲಿನ ಕ್ಯಾಪು, ಸೆಟ್ಟು ಮಾಡುತ್ತಿದ್ದ. ಪಕ್ಕದ ಹಲ್ಲಿಗೆ ಹೊಂದುವ ಬಣ್ಣವನ್ನು ಕೂಡಿಸುವುದೇ ಅದರಲ್ಲಿ ಕಷ್ಟದ ಕೆಲಸವಂತೆ. "ಬಿಳಿ ಅಂತ ಒಂದು ಬಣ್ಣಾನೇ ಇಲ್ಲ ಅಕ್ಕ" ಎನ್ನುತ್ತಿದ್ದ. ಸಂಜೆ ಮನೆಗೆ ಬಂದಮೇಲೆ ಅದೇ ಸಣ್ಣ ಕುಂಚದಿಂದ ಸೈನಿಕರಿಗೆ ಬಣ್ಣ ಹಚ್ಚುತ್ತಿದ್ದ.

ಅದೊಂದು ಯುದ್ಧದಾಟ. ಆಡುವವರು ಸಣ್ಣ ಮಕ್ಕಳಲ್ಲ, ತಲೆ ನೆರೆತ ಗಂಡಸರು. ದೊಡ್ಡ ಮೇಜಿನ ಮೇಲೆ ಥರ್ಮಾಕೋಲಿನ ಗುಡ್ಡ, ಮುರಿದ ಗೋಪುರ ಎಲ್ಲ ಇಟ್ಟು, ಟೇಪಿನಲ್ಲಿ ಅಳೆದು ಸೈನಿಕರನ್ನು ನಡೆಸುತ್ತಾರೆ. ಯಾರು ಸತ್ತರು, ಯಾರು ಉಳಿದರು ಎನ್ನುವುದನ್ನು ದಾಳ ಹೇಳುತ್ತದೆ. ಕಥೆ ನಡೆಯುವುದು ಸಾವಿರಾರು ವರ್ಷ ಮುಂದೆ, ಮನುಷ್ಯರು ನಕ್ಷತ್ರಗಳವರೆಗೂ ಹೋಗಿ ಅಲ್ಲಿಯೂ ಹೊಡೆದಾಡಿಕೊಂಡಿರುವ ಕಾಲದಲ್ಲಿ. ಅದರಲ್ಲಿ ಎಷ್ಟೋ ಪಡೆಗಳಿವೆ. ನನ್ನ ತಮ್ಮ ಆರಿಸಿಕೊಂಡದ್ದು ಬೂದಿ ಬಣ್ಣದ ಕವಚ ತೊಟ್ಟ ಒಂದು ಪಂಗಡವನ್ನು. ಅವರ ಮುಖ ಯಾರೂ ಕಂಡಿಲ್ಲ.

ಒಂದು ಸಲ ಅವರೆಕಾಯಿ ಕಾಲದಲ್ಲಿ ಇಬ್ಬರೂ ನಡುಮನೆಯಲ್ಲಿ ಕೂತು ಕಾಳು ಹಿದುಕುತ್ತಿದ್ದಾಗ ಅವರ ವಿಷಯ ಹೇಳಿದ್ದ.

"ಇವ್ರು ಯಾರ್ ಮುಂದೇನೂ ಮುಖವಾಡ ತೆಗೆಯಲ್ಲ. ಗಾಯ ಆದ್ರೂ ಹೇಳಲ್ಲ."

"ಹೇಳ್ದೆ ಇದ್ರೆ ಔಷಧಿ ಹಚ್ಚೋರ್ ಯಾರೋ?"

"ಅವರವರೇ. ಹೊರಗಿನವ್ರಿಗೆ ಗೊತ್ತಾಗಬಾರ್ದು, ಅಷ್ಟೆ. ಏಟು ಬಿದ್ದವನನ್ನ ನಡುವೆ ಹಾಕ್ಕೊಂಡು ಸುತ್ತ ನಿಂತ್ಕೋತಾರೆ. ಯಾರಿಗೆ ಏಟಾಗಿದೆ ಅಂತ ಎದುರಾಳಿಗೆ ಹೇಳೋ ಹಾಗೇ ಇಲ್ಲ. ಆಟದ ರೂಲೇ ಹಂಗಿದೆ."

"ಗೊತ್ತಾಗಿಬಿಟ್ರೆ?"

"ಗೊತ್ತಾದವನನ್ನ ಮುಗಿಸಿಬಿಡ್ತಾರೆ. ತಮ್ಮ ಕಡೆಗೇ ಸೇರಿ ಯುದ್ಧ ಮಾಡ್ತಿದ್ದವನಾದ್ರೂ ಸರಿ."

"ಥೂ, ಇದ್ಯಾವ ಸೀಮೆ ನಿಯತ್ತು!"

"ನಿಯತ್ತು ಅಂದ್ರೆ ಅದೇ ಕಣಕ್ಕ" ಎಂದು ನಕ್ಕು, ಒಂದು ಕಾಳನ್ನು ನನ್ನ ಮೂಗಿನ ಮೇಲೆ ಚಿಮ್ಮಿಸಿದ.

ಅವನ ಜೊತೆ ಆಡುತ್ತಿದ್ದವರು ಮೂವರು. ಅವರಲ್ಲಿ ಒಬ್ಬನಿಗೆ ಮಡಿವಾಳದಲ್ಲಿ ಬ್ಯಾಟರಿ ಅಂಗಡಿ, ಪುಟ್ಟೇನಹಳ್ಳಿಯಲ್ಲಿ ಮನೆ. ಆ ಮನೆಯ ಕಾರ್ ಶೆಡ್ಡಿನಲ್ಲಿ ಮೇಜು ಹಾಕಿದ್ದರು. ನಾಲ್ವರದೂ ಅದೇ ಬೂದಿ ಪಂಗಡ. ಭಾನುವಾರ ಬೇರೆ ಬೇರೆ ಕಡೆಯವರು ತಂತಮ್ಮ ಪಡೆ ತಂದು ಇವರ ಮೇಲೆ ಆಡುತ್ತಿದ್ದರು. ಮೂವರೂ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಮನೆಗೆ ಬಂದರೆ ಕೇಳಿ ಹಾಕಿಸಿಕೊಂಡು ಉಣ್ಣುತ್ತಿದ್ದರು.

ಅವನ ಕಡೆಯ ವರ್ಷದಲ್ಲಿ ಒಂದು ದಿನ ನಾಲ್ವರೂ ತಲೆ ಬೋಳಿಸಿಕೊಂಡು ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಮಾದಪ್ಪನ ಬೆಟ್ಟದ ಲಾಡು. ನನಗೆ ನಗು ತಡೆಯಲಾಗಲಿಲ್ಲ.

"ಏನ್ರೋ ಇದು, ನಾಲ್ಕು ಚೊಂಬು ತೊಳೆದು ಬೋರಲು ಹಾಕ್ದಂಗಿದೀರ!"

"ಹರಕೆ ಅಕ್ಕ" ಎಂದ ಬ್ಯಾಟರಿ ಅಂಗಡಿಯವನು. "ಗೆದ್ರೆ ಮುಡಿ ಕೊಡ್ತೀವಿ ಅಂತ ಹೇಳ್ಕೊಂಡಿದ್ವಿ. ಗೆದ್ಬಿಟ್ವಿ."

"ಗೊಂಬೆ ಆಟಕ್ಕೆ ಮಾದಪ್ಪನ್ನ ಎಳೆದ್ರಾ? ಅವನಿಗೆ ಬೇರೆ ಕೆಲಸ ಇಲ್ವಾ?"

ಎಲ್ಲರೂ ನಕ್ಕರು. ನನ್ನ ತಮ್ಮನೂ ನಕ್ಕ. ಅವನ ತಲೆಯ ಮೇಲೆ ಕೈಯಾಡಿಸಿದೆ. ಮೂವರ ತಲೆಯಲ್ಲಿ ಕೂದಲು ಮತ್ತೆ ಬಂತು. ಅವನು ಮಾತ್ರ ಬೋಳಿಸಿಕೊಳ್ಳುತ್ತಲೇ ಇದ್ದಾನೆಂದು ನಾನು ನಂಬಿದೆ. "ತಣ್ಣಗಿರತ್ತೆ, ಶಾಂಪೂ ಖರ್ಚಿಲ್ಲ" ಎಂದಿದ್ದ. ಸಣ್ಣಗಾದ, ಪುಟ್ಟೇನಹಳ್ಳಿ ಕೆರೆ ಸುತ್ತ ವಾಕಿಂಗ್ ಎಂದ. ರಾತ್ರಿ ಊಟ ಬೇಡವೆಂದ, ಶೆಡ್ಡಿನಲ್ಲಿ ಬೋಂಡ ತಿಂದೆವು ಎಂದ. ಆಟ ಭಾನುವಾರದಿಂದ ವಾರದ ನಡುವಿನ ದಿನಗಳಿಗೂ ಹಬ್ಬಿತು. ಆ ದಿನಗಳಲ್ಲಿ ಮೂವರಲ್ಲಿ ಒಬ್ಬರು ಸ್ಕೂಟರಿನಲ್ಲಿ ಬಂದು ಕರೆದುಕೊಂಡು ಹೋಗಿ, ಮತ್ತೆ ಮೆಟ್ಟಿಲ ತನಕ ಬಂದು ಬಿಟ್ಟು ಹೋಗುತ್ತಿದ್ದರು. ಎಂಥ ಸ್ನೇಹಿತರು, ನಾನಿಲ್ಲದ ಕಾಲಕ್ಕೆ ಇವನಿಗೆ ಇವರಿದ್ದಾರೆ ಎಂದುಕೊಂಡು ಸಮಾಧಾನಪಟ್ಟಿದ್ದೆ.

ಒಂದು ಬೆಳಗ್ಗೆ ಬಚ್ಚಲಲ್ಲಿ ಬಿದ್ದ. ಅಕ್ಕಪಕ್ಕದವರ ಸಹಾಯದಿಂದ ಹತ್ತಿರದ ಆಸ್ಪತ್ರೆಗೆ ಸೇರಿಸಿದೆ. ಡಾಕ್ಟರು ಹೊಟ್ಟೆಯ ಕ್ಯಾನ್ಸರ್, ಎಲ್ಲ ಕಡೆ ಹರಡಿದೆ, ಇಷ್ಟು ದಿನದ ಕೀಮೋದ ವಿವರ ಕೊಡಿ ಎಂದರು. ಯಾರೋ ಬೇರೆಯವರ ವಿಷಯ ಹೇಳುತ್ತಿದ್ದಾರೆ ಎಂದುಕೊಂಡು ನಾನು ನನ್ನ ತಮ್ಮನ ಹೆಸರನ್ನು ಮತ್ತೊಮ್ಮೆ ಹೇಳಿದೆ. ಅಷ್ಟರಲ್ಲಿ ಅವನ ಗಂಟಲಿಗೆ ನಳಿಗೆ ಹಾಕಿದ್ದರು. ಆಮೇಲೆ ಅವನು ಮಾತಾಡಲಿಲ್ಲ. ನಾನು ಕೇಳಿದೆ, ಅವನು ಕಣ್ಣು ಮುಚ್ಚಿಕೊಂಡ. ಅದು ಉತ್ತರವೋ, ಆಯಾಸವೋ ತಿಳಿಯಲಿಲ್ಲ. ಹಾಗೆಯೇ ಹೋದ.

ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ ಕೂರಿಸಿ ಮಣ್ಣು ಮಾಡಿದೆವು. ಆ ಮೂವರೇ ಹೆಗಲು ಕೊಟ್ಟರು. ಗುಂಡಿಯ ಅಂಚಿನಲ್ಲಿ ಬ್ಯಾಟರಿ ಅಂಗಡಿಯವನು ಜೇಬಿನಿಂದ ಒಬ್ಬ ಸೈನಿಕನನ್ನು ತೆಗೆದು, ಇದನ್ನೂ ಇಡಬಹುದೇ ಎಂದು ಸ್ವಾಮಿಗಳನ್ನು ಕೇಳಿದ. ಅವರು "ಅಂಗೈಯಲ್ಲಿ ಲಿಂಗ ಇದೆಯಪ್ಪ, ಅಷ್ಟು ಸಾಕು" ಎಂದರು. ಅವನು ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟಮೇಲೆ ಮೂವರನ್ನೂ ಕೂರಿಸಿಕೊಂಡು ಕೇಳಿದೆ. ಅಲ್ಲಿಯವರೆಗೆ ನನಗೆ ಅನುಮಾನವಷ್ಟೇ ಇತ್ತು.

"ನಿಮಗೆ ಗೊತ್ತಿತ್ತು."

ಇಬ್ಬರು ನೆಲ ನೋಡಿದರು. ಬ್ಯಾಟರಿ ಅಂಗಡಿಯವನು ಹೌದೆಂದು ತಲೆಯಾಡಿಸಿದ.

"ಮುಡಿ?"

"ಅವನಿಗೆ ಉದುರಕ್ಕೆ ಶುರುವಾಗಿತ್ತು ಅಕ್ಕ. ಒಬ್ಬನೇ ಬೋಳಿಸ್ಕೊಂಡ್ರೆ ನಿಮಗೆ ಗೊತ್ತಾಗತ್ತೆ ಅಂತ ಎಲ್ರೂ ಬೋಳಿಸ್ಕೊಂಡ್ವಿ. ಬೆಟ್ಟಕ್ಕೆ ಹೋಗಿರ್ಲಿಲ್ಲ. ಲಾಡು ಪಕ್ಕದ್ಮನೆಯವ್ರು ತಂದಿದ್ದು."

"ಸುತ್ತ ನಿಂತ್ಕೊಂಡ್ರಿ."

ಅವನಿಗೆ ಅರ್ಥವಾಯಿತು. "ಮಾತು ತಗೊಂಡಿದ್ದ ಅಕ್ಕ. ಶೆಡ್ಡಲ್ಲಿ, ಮೇಜಿನ ಮೇಲೆ ಕೈ ಇಡಿಸಿ ಆಣೆ ಹಾಕಿಸ್ದ. ನಾವೂ ಮೊದ್ಲು ತಮಾಷೆ ಅಂದ್ಕೊಂಡ್ವಿ."

"ಅವನು ಸಾಯ್ತಿದ್ದ ಕಣೋ! ಮಕ್ಕಳು ಮರಿ ಇರೋ ಗಂಡಸರು ನೀವು. ಗೊಂಬೆಗಳ ರೂಲು ತಂದು ನನ್ನ ಮನೇಲಿ ಆಡಿದ್ರಲ್ರೋ!"

"ಗುಣ ಆಗೋ ಹಂಗಿದ್ರೆ ಹೇಳ್ತಿದ್ವಿ, ಸತ್ಯವಾಗ್ಲೂ. ಡಾಕ್ಟ್ರು ಮೊದಲ್ನೇ ದಿನಾನೇ ಕೈ ಚೆಲ್ಲಿದ್ರು. ಅಕ್ಕನ ಮುಂದೆ ಒಂದ್ ಕಡೆನಾದ್ರೂ ಹುಷಾರಾಗಿರ್ತೀನಿ ಅಂದ."

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವರು ಎಂಜಲೆಲೆ ತೆಗೆದು, ನೆಲ ಒರೆಸಿ ಹೋದರು.

ಅವನನ್ನು ಉಳಿಸಿಕೊಳ್ಳಲು ಆಗುತ್ತಿರಲಿಲ್ಲ ಎಂಬುದನ್ನು ನಾನು ನಂಬುತ್ತೇನೆ. ಡಾಕ್ಟರೂ ಅದನ್ನೇ ಹೇಳಿದರು. ನಾನು ಕೇಳುತ್ತಿರುವುದು ಆ ವರ್ಷವನ್ನು. ಅವನ ನೋವು, ಹೆದರಿಕೆ, ವಾಂತಿ ಎಲ್ಲ ಶೆಡ್ಡಿನಲ್ಲಿ, ಆಸ್ಪತ್ರೆಯಲ್ಲಿ ಉಳಿದವು. ನನ್ನ ಪಾಲಿಗೆ ಬಂದದ್ದು ನಗುನಗುತ್ತ ತಟ್ಟೆ ತೊಳೆದಿಟ್ಟು ಮಲಗುತ್ತಿದ್ದ ಒಬ್ಬ ಮನುಷ್ಯ. ಅವನ ಜೊತೆ ನಾನು ಗ್ಯಾಸ್ ಬುಕ್ ಮಾಡಿದೆಯಾ, ನೀರು ಬಂತಾ ಎಂದು ಮಾತಾಡಿದೆ. ಈಗ ಯಾವ ದಿನವನ್ನು ನೆನೆದುಕೊಂಡರೂ ಅದು ನಿಜವಾಗಿತ್ತೇ ಎಂಬ ಪ್ರಶ್ನೆ ಬರುತ್ತದೆ. ತೀರಿಹೋದವರ ನೆನಪಾದರೂ ಉಳಿಯುತ್ತದೆ ಎನ್ನುತ್ತಾರೆ. ನನಗೆ ಅದರ ಮೇಲೂ ನಂಬಿಕೆ ಹೋಯಿತು.

ತಿಂಗಳುಗಳಾದ ಮೇಲೆ ಬ್ಯಾಟರಿ ಅಂಗಡಿಗೆ ಫೋನು ಮಾಡಿದೆ. ನನ್ನ ತಮ್ಮ ಕೀಮೋಗೆ ಕೂತಿರುತ್ತಿದ್ದ ಜಾಗ ತೋರಿಸು ಎಂದೆ. ಅವನು ಬೇಡ ಎನ್ನಲಿಲ್ಲ, ಅಂಗಡಿ ಮುಚ್ಚಿ ಬಂದ.

ಆಸ್ಪತ್ರೆಯ ಒಂದು ಉದ್ದನೆಯ ಕೋಣೆ ಅದು. ಕಿಟಕಿಯ ಕಡೆಗೆ ಒರಗುಕುರ್ಚಿಗಳ ಸಾಲು, ಪ್ರತಿ ಕುರ್ಚಿಯ ಪಕ್ಕ ಒಂದು ಸ್ಟೂಲು. ನರ್ಸು ಬ್ಯಾಟರಿ ಅಂಗಡಿಯವನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

"ಏನಣ್ಣ, ಪತ್ತೇನೇ ಇಲ್ಲ? ನಿಮ್ಮ ಫ್ರೆಂಡ್ ಹೆಂಗಿದಾರೆ?"

ಅವನು ತಲೆ ತಗ್ಗಿಸಿದ. ಅವಳಿಗೆ ತಿಳಿಯಿತು.

"ಅಯ್ಯೋ... ನಮ್ಮನ್ನೆಲ್ಲ ಎಷ್ಟು ರೇಗಿಸ್ತಿದ್ರು. ಎಲ್ಲಿ, ಹಲ್ಲು ತೋರ್ಸು, ಯಾವ ಬಣ್ಣ ಹೇಳ್ತೀನಿ ಅನ್ನೋರು." ಆಮೇಲೆ ನನ್ನ ಕಡೆ ನೋಡಿ, "ಇವ್ರು?"

"ಅವನ ಅಕ್ಕ" ಎಂದೆ.

"ಅಕ್ಕನಾ? ಮನೇಲಿ ಯಾರೂ ಇಲ್ಲ ಅಂತಿದ್ರಲ್ಲ ಅವ್ರು? ಒಬ್ಬನೇ, ಹಿಂದೆ ಮುಂದೆ ಯಾರಿಲ್ಲ ಅಂತ..." ಎಂದವಳು ನನ್ನ ಮುಖ ಕಂಡು ನಿಲ್ಲಿಸಿದಳು. "ಸಾರಿ ಮೇಡಂ."

"ಇಲ್ಲಿಂದ ಮನೆಗೆ ಫೋನ್ ಮಾಡಿಬಿಡ್ತಾರೆ ಅಂತ ಹಂಗಂದ ಅಕ್ಕ" ಎಂದ ಅವನು ಮೆಲ್ಲಗೆ. ಅಷ್ಟು ನನಗೂ ತಿಳಿಯುತ್ತದೆ. ತಿಳಿದು ಏನೂ ಹಗುರವಾಗಲಿಲ್ಲ.

ಯಾವ ಕುರ್ಚಿ ಎಂದು ಕೇಳಿದೆ. ತೋರಿಸಿದ. ಅದರಲ್ಲಿ ಒಬ್ಬ ಹೆಂಗಸು ತಲೆಗೆ ಸ್ಕಾರ್ಫು ಕಟ್ಟಿಕೊಂಡು ನಿದ್ದೆ ಹೋಗಿದ್ದಳು. ಪಕ್ಕದ ಸ್ಟೂಲಿನಲ್ಲಿ ಅವಳ ಕಡೆಯವರು ಯಾರೋ ಅವಳ ಚಪ್ಪಲಿಯನ್ನು ತಮ್ಮ ಕಾಲ ಹತ್ತಿರ ಜೋಡಿಸಿಟ್ಟುಕೊಂಡು ಕಿತ್ತಳೆ ಸುಲಿಯುತ್ತಿದ್ದರು. ಅಲ್ಲಿ ನಾನು ನಿಲ್ಲುವುದಕ್ಕೂ ಕಾರಣವಿರಲಿಲ್ಲ.

ಹೊರಗೆ ಬಂದಮೇಲೆ ಕೇಳಿದೆ. "ಸ್ಟೂಲಲ್ಲಿ ಯಾರು ಕೂರ್ತಿದ್ರು?"

"ನಾನೇ ಅಕ್ಕ, ಜಾಸ್ತಿ ಸಲ."

"ಏನ್ ಮಾಡ್ತಿದ್ದೆ?"

"ಏನಿಲ್ಲ. ಅವನಿಗೆ ಪಾದ ತಣ್ಣಗಾಗ್ಬಿಡ್ತಿತ್ತು. ಉಜ್ಜುತಿದ್ದೆ."

ಅವನ ಕೈಗಳನ್ನು ನೋಡಿದೆ. ಆಸಿಡ್ ತಾಗಿ ಅಲ್ಲಲ್ಲಿ ಚರ್ಮ ಬಿಳಚಿಕೊಂಡ ಒರಟು ಕೈಗಳು. ಇಷ್ಟು ದಿನ ಅವನ ಮೇಲೆ ಇದ್ದದ್ದು ಸಿಟ್ಟು ಎಂದುಕೊಂಡಿದ್ದೆ. ಅಲ್ಲ, ಹೊಟ್ಟೆಕಿಚ್ಚು. ಅದು ಸಿಟ್ಟಿನ ಹಾಗೆ ಇಳಿಯುವಂಥದ್ದಲ್ಲ ಎಂದು ಆಗಲೇ ಅನ್ನಿಸಿತು, ಇಳಿದೂ ಇಲ್ಲ. ಅವನು ಆಟೋ ನಿಲ್ಲಿಸಲು ಕೈ ಎತ್ತಿದ. ಬೇಡ, ನಡೆದೇ ಹೋಗುತ್ತೇನೆ ಎಂದು ಹೇಳಿ ಅವನನ್ನು ಅಲ್ಲಿಯೇ ಬಿಟ್ಟು ಬಂದೆ.