ಇನಾಯತನ ಎಡಗಣ್ಣು

ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ ಅಂತ ಗಾದೆ ಕಟ್ಟಿದವರು ಕುರುಗೋಡಿನ ಇನಾಯತನನ್ನು ನೋಡಿರಲಿಲ್ಲ ಬಿಡಿ. ಅವನ ಅಪ್ಪ ಲಾಲಸಾಬ್ ಬೀಸುವ ಕಲ್ಲು ಕಟೆಯುವಾಗ ಚಕ್ಕೆ ಸಿಡಿದು, ಒಂಬತ್ತನೇ ವಯಸ್ಸಿಗೇ ಹುಡುಗನ ಬಲಗಣ್ಣು ಹೋಗಿತ್ತು. ಉಳಿದ ಎಡಗಣ್ಣನ್ನು ರೀಲಿನ ಕ್ಯಾಮೆರಾಕ್ಕೆ ಹಚ್ಚಿ ಇಪ್ಪತ್ತೆರಡು ವರ್ಷ ಸುತ್ತಲ ಊರುಗಳ ಮದುವೆ ತೆಗೆದ. ಎರಡು ಕಣ್ಣಿನವರು ಒಂದನ್ನು ಮುಚ್ಚಿ ಒದ್ದಾಡಬೇಕು, ನನಗೆ ಆ ತ್ರಾಸೇ ಇಲ್ಲ ಅಂತ ತಾನೇ ನಗುತ್ತಿದ್ದ. ಮಗಳು ಹುಮೇರಾ ಅಪ್ಪನನ್ನು ನೋಡಿ ನೋಡಿ ಕಲಿತು, ಎರಡೂ ಕಣ್ಣು ಸರಿಯಿದ್ದರೂ ಕ್ಯಾಮೆರಾವನ್ನು ಎಡಗಣ್ಣಿಗೇ ಹಚ್ಚುತ್ತಿದ್ದಳು.

ಆಮೇಲೆ ಅದಿರಿನ ಕೆಂಪು ಮಣ್ಣಿಗೆ ಬಂಗಾರದ ಬೆಲೆ ಬಂತು. ನಿನ್ನೆ ಸೈಕಲ್ ತುಳಿದವ ಇವತ್ತು ನಾಲ್ಕು ಲಾರಿಯ ಧಣಿ. ಅಂಥವರ ಮನೆ ಮದುವೆಗೆ ರೀಲು ನಡೆದೀತೇ? ಡಿಜಿಟಲ್ ಇಲ್ಲದವರನ್ನು ಅಂಗಳದಲ್ಲೂ ನಿಲ್ಲಿಸಿಕೊಳ್ಳುತ್ತಿರಲಿಲ್ಲ. ಇನಾಯತ್ ಹಳೇ ಕ್ಯಾಮೆರಾ ಮಾರಿ, ಬಳ್ಳಾರಿಗೆ ಹೋಗಿ ಇದ್ದುದರಲ್ಲೇ ಅಗ್ಗದ ಡಿಜಿಟಲ್ ತಂದ. ಗುಂಡಿ ಅರ್ಧ ಒತ್ತು, ಪೀ ಅಂದ ಮೇಲೆ ಪೂರ್ತಿ ಒತ್ತು, ಉಳಿದದ್ದೆಲ್ಲ ಅದೇ ಮಾಡಿಕೊಳ್ಳುತ್ತದೆ ಅಂದಿದ್ದ ಅಂಗಡಿಯವ. ಅದು ಏನು ಮಾಡಿಕೊಳ್ಳುತ್ತದೆ ಅಂತ ಇವನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಸಿರುಗುಪ್ಪದ ಅಕ್ಕಿ ಗಿರಣಿ ಚಂದ್ರಣ್ಣನ ಮಗಳ ಮದುವೆ. ಕ್ಯಾಮೆರಾದ ಸಣ್ಣ ಸ್ಕ್ರೀನಿನಲ್ಲಿ ಎಲ್ಲ ಚೆಂದವೇ ಕಂಡಿತು. ದೊಡ್ಡದಾಗಿ ಪ್ರಿಂಟ್ ಹಾಕಿಸಿದಾಗ ಬಣ್ಣ ಬಯಲಾಯಿತು. ತಾಳಿ ಕಟ್ಟುವ ಹೊತ್ತಿನ ಫೋಟೋದಲ್ಲಿ ಹಿಂದಿನ ಪರದೆಯ ಜರಿಯನ್ನು ಎಳೆ ಎಳೆಯಾಗಿ ಎಣಿಸಬಹುದು, ಮದುಮಗಳ ಮುಖ ಮಾತ್ರ ಹಬೆಯೊಳಗಿಂದ ನೋಡಿದಂತೆ. ಚಂದ್ರಣ್ಣ ಬೈಯಲೂ ಇಲ್ಲ.

"ಮದುವಿ ನನ್ನ ಮಗಳದೋ, ಪರದೆದೋ, ಇನಾಯತ್?" ಅಂತ ಕೇಳಿ ಆಲ್ಬಮ್ ಮುಚ್ಚಿದ.

ಮುಂದಿನ ತೊಟ್ಟಿಲ ಕಾರ್ಯದಲ್ಲೂ ಅದೇ ಹಾಡು, ಅದೇ ರಾಗ. ಬಳ್ಳಾರಿಯಲ್ಲಿ ಪ್ರಿಂಟ್ ಹಾಕುವ ಗೋಪಾಲಕೃಷ್ಣ ಒಳ್ಳೆಯ ಮನಸ್ಸಿನಿಂದಲೇ, ಒಂದ್ಸಲ ಕಣ್ಣು ತೋರಿಸ್ಕೊಳ್ರಿ ಸಾಬ್ರ ಅಂದರು. ಅಷ್ಟೇ ಸಾಕಾಯಿತು. ಮನೆಗೆ ಬಂದವನೇ ಹೆಂಡತಿ ಗುಲ್ಜಾರಬೀಯ ಸೂಜಿ ಇಸಿದುಕೊಂಡು ದಾರ ಪೋಣಿಸಲು ಕೂತ. ಆಗಲಿಲ್ಲ. ಅಯ್ಯೋ ಮಾರಾಯ, ನಲವತ್ತೈದು ದಾಟಿದ ಯಾರಿಗೆ ತಾನೇ ಕನ್ನಡಕವಿಲ್ಲದೆ ಸೂಜಿಯ ತೂತು ಕಾಣುತ್ತದೆ! ಆದರೆ ಒಂದೇ ಕಣ್ಣಿನವನ ಭಯ ನಮಗೆ ನಿಮಗೆ ತಿಳಿಯುವಂಥದ್ದಲ್ಲ. ಇದೂ ಹೊರಟಿತು ಅಂದುಕೊಂಡ. ಡಾಕ್ಟರ ಬಾಯಿಂದ ಆ ಮಾತು ಕೇಳುವ ಧೈರ್ಯವಿಲ್ಲದೆ ದವಾಖಾನೆಯ ಮೆಟ್ಟಿಲು ಹತ್ತಲಿಲ್ಲ. ಕ್ಯಾಮೆರಾದ ಮೇಲೆ ಒಂದೆರಡು ಸಲ ಅನುಮಾನ ಬಂದರೂ ಬಾಯಿ ಬಿಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಊರು ಆಡಿಕೊಳ್ಳುವುದಿಲ್ಲವೇ? ಸ್ಟುಡಿಯೋ ಬಾಗಿಲು ಹಾಕಿ, ಕ್ಯಾಮೆರಾವನ್ನು ಟ್ರಂಕಿನಲ್ಲಿಟ್ಟ.

ಹೊಟ್ಟೆ ಕೇಳಬೇಕಲ್ಲ. ಬಳ್ಳಾರಿಯ ಹೊರಗೆ ಅದಿರು ರಾಶಿ ಹಾಕುವ ಬಯಲಿನಲ್ಲಿ ಲಾರಿಗಳಿಗೆ ತಾಡಪಾಲು ಕಟ್ಟುವ ಕೆಲಸ ಸಿಕ್ಕಿತು. ಅಲ್ಲಿ ಗಾಳಿಯೂ ಕೆಂಪು, ಬುತ್ತಿಯ ಅನ್ನವೂ ಕೆಂಪು. ಎರಡನೇ ಬೇಸಿಗೆಗೆ ಕಣ್ಣಲ್ಲಿ ಕಸ ಬಿತ್ತು, ಉಜ್ಜಿಕೊಂಡ, ಕೀವಾಯಿತು. ಹರಳೆಣ್ಣೆ ಬಿಟ್ಟುಕೊಂಡ. ಮಂಜು ಕವಿದಾಗ ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಬರುವುದು ಗೊತ್ತಿತ್ತಲ್ಲ, ಬಂತು ಅಂದ. ಗುಲ್ಜಾರಬೀ ಅತ್ತು ಕರೆದು ದವಾಖಾನೆಗೆ ಎಳೆದೊಯ್ಯುವಷ್ಟರಲ್ಲಿ ಹುಣ್ಣು ಮಾಯ್ದು, ಕರಿಗುಡ್ಡೆಯ ಮೇಲೆ ಬಿಳಿ ಕಲೆ ಕೂತಿತ್ತು. ಮೊದಲೇ ಬಂದಿದ್ದರೆ ಅಂದರು ಡಾಕ್ಟರು. ಬೆಳಕು, ಕತ್ತಲೆ, ಎದುರಿಗೆ ಯಾರೋ ನಿಂತದ್ದು, ಇಷ್ಟು ಮಾತ್ರ ಅವನಿಗೆ ಉಳಿಯಿತು.

ಮರುವರ್ಷ ಒಂದು ದಿನ ಹುಮೇರಾ ಟ್ರಂಕಿನಿಂದ ಕ್ಯಾಮೆರಾ ತೆಗೆದಳು. ಬಾಗಿಲ ಬಳಿ ಅಕ್ಕಿ ಆರಿಸುತ್ತ ಕೂತಿದ್ದ ಅವ್ವನ ಫೋಟೋ ಹಿಡಿದು, ಸ್ಕ್ರೀನಿನಲ್ಲಿ ಹಿಗ್ಗಿಸಿ ನೋಡಿದಳು. ಹಿಂದಿನ ಗೋಡೆಯ ಕ್ಯಾಲೆಂಡರಿನ ತಾರೀಖು ನಿಚ್ಚಳ, ಅವ್ವನ ಮುಖ ಮಸಕು. ಹದಿನೇಳರ ಹುಡುಗಿ, ತನ್ನ ಕಣ್ಣಿನ ಮೇಲೆ ಆಕೆಗೆ ಯಾವ ಅನುಮಾನವೂ ಇರಲಿಲ್ಲ. ಹಟ ಹಿಡಿದು ಮತ್ತೆ ಮತ್ತೆ ಕ್ಯಾಮೆರಾದ ಕಿಂಡಿಯೊಳಗೆ ನೋಡಿದಳು. ನಡುವೆ ಇರಬೇಕಾದ ಒಂದು ಸಣ್ಣ ಕೆಂಪು ಚೌಕ ಬಲಕ್ಕೆ ಸರಿದು ಮಿಣಕ್ಕೆಂದಿತು. ಆ ಚೌಕ ಎಲ್ಲಿ ಕೂರುತ್ತದೋ ಕ್ಯಾಮೆರಾ ಅಲ್ಲಿರುವುದನ್ನೇ ನಿಚ್ಚಳ ಮಾಡುತ್ತದೆ. ಎಡಗಣ್ಣಿಗೆ ಹಚ್ಚಿದಾಗಲೆಲ್ಲ ಬಲಗೆನ್ನೆಯ ಎಲುಬು ಕ್ಯಾಮೆರಾದ ಬೆನ್ನ ಮೇಲಿನ ಗುಂಡಿಗೆ ತಾಗಿ, ಚೌಕ ಸರಿದುಹೋಗುತ್ತಿತ್ತು. ನೋಡಿ, ನೆಲವೇ ಡೊಂಕಿತ್ತು!

ಕಂಡುಹಿಡಿದ ಖುಷಿಯಲ್ಲಿ ಹುಡುಗಿ ಅಪ್ಪನ ಹತ್ತಿರ ಓಡಿದಳು.

"ಅಪ್ಪಾ, ಕಣ್ಣಲ್ಲ, ಕೆನ್ನಿ ಒತ್ತಿ ಫೋಟೋ ಕೆಡತೈತಿ. ನನಗೂ ಹಂಗ ಆತು," ಅಂದು ಅವನ ಬೆರಳು ಹಿಡಿದು ಗುಂಡಿಯ ಮೇಲಿಟ್ಟಳು. ಹೇಳಿ ಮುಗಿದ ಮೇಲೆ ತಾನೇನು ಹೇಳಿದೆ ಅಂತ ಆಕೆಗೆ ಹೊಳೆಯಿತು.

ಇನಾಯತ್ ಗುಂಡಿಯನ್ನು ಸವರಿದ. ಒಮ್ಮೆ ಕ್ಯಾಮೆರಾವನ್ನು ಮುಖಕ್ಕೆ ಹಿಡಿದು, ಕೆನ್ನೆಗೆ ತಾಗುತ್ತದೋ ಅಂತ ನೋಡಿದ. ತಾಗಿತು.

"ಅಂದ್ರ ಅವಾಗ ನನ್ನ ಕಣ್ಣು ಚಲೋ ಇತ್ತು," ಅಂದ.

ಗುಲ್ಜಾರಬೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಆ ಹಾಳಾದ್ದನ್ನು ಹೊರಗೆ ಎಸೆ ಅಂತ ಮಗಳಿಗೆ ಹೇಳಿದಳು. ಇನಾಯತ್ ಬೇಡವೆಂದು ಕೈಯಾಡಿಸಿ, ತಡವಿ ಮಗಳ ಕೈ ಹುಡುಕಿ ಕ್ಯಾಮೆರಾ ಕೊಟ್ಟ.

"ಬಲಗಣ್ಣಿಗೆ ಹಚ್ಚು, ಮಗಳ. ನಿನಗ ಐತಿ."

ಹುಮೇರಾ ಚೌಕವನ್ನು ನಡುವಿಗೆ ತಂದು, ಬಲಗಣ್ಣಿಗೆ ಹಚ್ಚಿ ಅಪ್ಪನದೇ ಒಂದು ಫೋಟೋ ತೆಗೆದಳು. ರೆಪ್ಪೆಯ ಕೂದಲು, ಕಣ್ಣಿನ ಬಿಳಿ ಕಲೆ, ಎಲ್ಲ ನಿಚ್ಚಳವಾಗಿ ಬಂದಿತ್ತು. ಹೆಂಗ ಬಂತು ಅಂತ ಅವನು ಕೇಳಿದ. ಚಲೋ ಬಂದೈತಿ ಅಂದಳು.