ಅವ್ವನ ಚಾಕು ಒಡೆದ ದಿನ

ಇವತ್ತು ಒಗ್ಗರಣೆಗೆ ನೀರಾರದ ಒದ್ದೆ ಸೌಟು ಇಟ್ಟುಬಿಟ್ಟೆ. ಎಣ್ಣೆ ಸಿಡಿದ ಸದ್ದಿಗೆ ಮಾನ್ವಿ ಊರಿನ ನಮ್ಮ ಹಳೆ ಮನೆಯ ಹಿತ್ತಲ ಕೋಣೆ ನೆನಪಾಯಿತು.

ಅಲ್ಲಿ ಅಪ್ಪ ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿ ಬಡಿದು ಚಾಕು ಮಾಡುತ್ತಿದ್ದ. "ಊರಿಗೆಲ್ಲಾ ಮಾಡಿಕೊಡ್ತೀರಿ, ನನ್ನ ಪಾಲಿಗೆ ಮಾತ್ರ ಮೊಂಡು ಈಳಿಗಿ" ಎಂದು ಅವ್ವ ಚುಚ್ಚುತ್ತಿದ್ದಳು. ಕೊನೆಗೊಂದು ದಿನ ಅವಳಿಗಾಗಿಯೇ ಒಂದು ಚಾಕು ಶುರುವಾಯಿತು. ಕಬ್ಬಿಣ ಎಷ್ಟು ಕಾಯಿತೆಂದು ಹೇಳುವ ಅದರ ಬಣ್ಣ ಸರಿಯಾಗಿ ಕಾಣಲೆಂದು ಅಪ್ಪ ಬಾಗಿಲು ಮುಚ್ಚಿ ಕೋಣೆ ಕತ್ತಲು ಮಾಡಿಕೊಳ್ಳುತ್ತಿದ್ದ. ಆ ಕತ್ತಲಲ್ಲಿ ನನ್ನ ಶಾಲೆಯ ಬೂಟು ತಾಗಿ, ಕಾದ ಅಲಗು ಅದ್ದಿ ಗಟ್ಟಿ ಮಾಡುವ ಎಣ್ಣೆಯ ಡಬ್ಬಿ ಅರ್ಧ ಚೆಲ್ಲಿತು. ಬೈಗುಳಕ್ಕೆ ಹೆದರಿ, ಸದ್ದಿಲ್ಲದೆ ನೀರು ಸುರಿದು ತುಂಬಿಸಿಟ್ಟೆ.

ಕೆಂಪಗೆ ಕಾದ ಅಲಗು ಅದ್ದಿದೊಡನೆ ಎಣ್ಣೆ ಸಿಡಿಯಿತು. ಟಿಣ್ ಎಂದು ಅಲಗು ಬಿರುಕುಬಿಟ್ಟಿತು.

"ಎಣ್ಣಿ ಹಿಂಗ ಸಿಡೀಬೇಕಂದ್ರ ಜಾಸ್ತಿ ಕಾಸೀನಿ. ಬಣ್ಣ ತಿಳೀಲಿಲ್ಲವ್ವಾ, ನನ್ನ ಕಣ್ಣು ಹೋಗ್ಯಾವ" ಎಂದ ಅಪ್ಪ, ನನ್ನ ಕಡೆ ತಿರುಗಿ. ಆಮೇಲೆ ಅವನು ಆ ಕೆಲಸ ಮುಟ್ಟಲಿಲ್ಲ. ಅವ್ವ ಕೊನೆಯವರೆಗೂ ಮೊಂಡು ಈಳಿಗೆಯಲ್ಲೇ ತರಕಾರಿ ಹೆಚ್ಚಿದಳು. ನಾನು ಸುಮ್ಮನಿದ್ದದ್ದು ಹೆದರಿಯೋ, ಅಪ್ಪನೇ ತಪ್ಪು ಹೊತ್ತುಕೊಂಡದ್ದು ಅನುಕೂಲವಾಗಿತ್ತೆಂದೋ, ಇಂದಿಗೂ ಸರಿಯಾಗಿ ಹೇಳಲಾರೆ.

ಈಗ ಅಪ್ಪ ಕಣ್ಣಿನ ಪೊರೆ ತೆಗೆಸಿಕೊಂಡು ರಾಯಚೂರಿನಲ್ಲಿ ನಮ್ಮ ಜೊತೆಗಿದ್ದಾನೆ. ಇವತ್ತು ಅಡುಗೆಮನೆಯ ಚಾಕುವನ್ನು ಬೆಳಕಿಗೆ ಹಿಡಿದು, "ಆವಾಗ ಇಷ್ಟು ಚಲೋ ಕಂಡಿದ್ರ ನಿಮ್ಮವ್ವನ ಚಾಕು ಒಡೀತಿರಲಿಲ್ಲ ನೋಡು" ಎಂದ.

"ಸಾರು ಆರ್ತದ, ಉಣ್ಣಾಕ ಬಾ ಯಪ್ಪಾ" ಎಂದೆ.