ಹುರುಳಿ ಬಿಟ್ಟ ಕುದುರೆ

ಬ್ರಿಡ್ಜ್‌ವಾಟರ್‌ನ ಈ ಮನೆಯನ್ನು ಮಾರುವುದೆಂದು ತೀರ್ಮಾನವಾದ ಮೇಲೆ ಬೇಸ್‌ಮೆಂಟ್ ಖಾಲಿ ಮಾಡುವ ಕೆಲಸ ನನ್ನ ತಲೆಗೇ ಬಂತು. ರಟ್ಟಿನ ಪೆಟ್ಟಿಗೆಯೊಂದರ ಟೇಪು ಕಿತ್ತಾಗ ಹಳೇ ಪೇಪರಿನ ಮುಗ್ಗಲು ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಟ್ಯಾಕ್ಸ್ ಕಾಗದ, ಮಗಳು ಕಿಂಡರ್‌ಗಾರ್ಟನ್‌ನಲ್ಲಿ ಗೀಚಿದ ಚಿತ್ರಗಳು, ಎಲ್ಲದರ ತಳದಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ನ್ಯೂಸ್‌ಪೇಪರ್ ಹಾಳೆ. ಐರ್ಲೆಂಡಿನ ಕುದುರೆ ರೇಸಿನ ಪುಟ. ಒಂದೊಂದು ಕುದುರೆಯ ಹೆಸರಿನ ಪಕ್ಕದಲ್ಲೂ ಪೆನ್ಸಿಲ್ಲಿನಲ್ಲಿ ಉರ್ದು ಅಕ್ಷರ. ಮಡಿಕೆಯ ಒಳಗೆ ಒಂದು ನೀಲಿ ಏರೋಗ್ರಾಮ್... ಅದರ ಮೇಲಿನ ಅಕ್ಷರ ಕನ್ನಡ.

ಏನೋ ಅಚಾನಕ್ಕಾಗಿ ಸಿಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಎಸೆಯಲು ಮನಸ್ಸು ಬಾರದೆ, ಯಾರಿಂದಲಾದರೂ ಓದಿಸಲು ಧೈರ್ಯವೂ ಸಾಲದೆ ಅದನ್ನು ಅಷ್ಟು ಕೆಳಗೆ ತುರುಕಿಟ್ಟವಳು ನಾನೇ.

ಎಂಬತ್ತರ ದಶಕದ ಕೊನೆಯ ಮಾತು. ಆಗ ನಾವು ಹೋಬೋಕನ್‌ನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ನಾನು ದಿನಾ ರೈಲಿನಲ್ಲಿ ನದಿಯಾಚೆ ಮ್ಯಾನ್‌ಹ್ಯಾಟನ್‌ಗೆ ಹೋಗಿ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಪ್ರೋಗ್ರಾಂ ಬರೆದು ಸಂಜೆ ಮರಳುತ್ತಿದ್ದೆ. ಸ್ಟೇಷನ್ನಿನಿಂದ ಹೊರಗೆ ಬಂದರೆ ಮೂಲೆಯಲ್ಲಿ ಪೇಪರ್ ಅಂಗಡಿ. ಪೇಪರು, ಸಿಗರೇಟು, ಚೂಯಿಂಗ್ ಗಮ್ಮು, ಜೊತೆಗೆ ಬಾಯಿಗಿಡಲಾಗದ ಕಾಫಿ. ಕೌಂಟರಿನ ಹಿಂದೆ ಸದಾ ಒಂದೇ ಬೂದು ಸ್ವೆಟರಿನಲ್ಲಿ ನಿಂತಿರುತ್ತಿದ್ದವರು ಪೇಪರ್ ಅಂಗಡಿ ಅಂಕಲ್. ಅಂಗಡಿ ಅವರದಲ್ಲ, ಮಾಲೀಕ ಬೇರೆಲ್ಲೋ ಇದ್ದ. ಒಂದು ಭಾನುವಾರ ನಾನು ಹಾಲು ಮರೆತ ಗಂಡನ ಮೇಲೆ ಅಲ್ಲೇ ನಿಂತು ಕನ್ನಡದಲ್ಲಿ ರೇಗುತ್ತಿದ್ದಾಗ, ಅವರು ಚಿಲ್ಲರೆ ಕೊಡುತ್ತಾ ತಲೆ ಎತ್ತದೆ ಕೇಳಿದರು.

“ಮೈಸೂರಾ ಅಮ್ಮಾ? ಬೈಯೋದ್ರಲ್ಲೇ ಗೊತ್ತಾಯ್ತು.”

ಅವರೂ ಮೈಸೂರಿನವರೇ. ಅಪ್ಪ ರೇಸ್ ಕುದುರೆಗಳ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ಆಗಿದ್ದವರು. ಇವರೂ ಚಿಕ್ಕಂದಿನಿಂದ ಅಲ್ಲೇ ಬೆಳೆದು, ಬೆಳಗಿನ ಹೊತ್ತು ಕುದುರೆ ಹತ್ತಿ ಓಟದ ಅಭ್ಯಾಸ ಮಾಡಿಸುತ್ತಿದ್ದರು. ಒಮ್ಮೆ ಬಿದ್ದು ಸೊಂಟ ಮುರಿಯಿತು. ಅಂದಿನಿಂದ ಎಡಗಾಲು ಎಳೆದು ನಡೆಯುತ್ತಿದ್ದರು. ಯಾರದೋ ಜೊತೆಯಲ್ಲಿ ವಿಸಿಟರ್ ವೀಸಾದಲ್ಲಿ ಬಂದವರು ಇಲ್ಲೇ ಉಳಿದುಬಿಟ್ಟಿದ್ದರು. ಮಕ್ಕಳಿರಲಿಲ್ಲ. ಹೆಂಡತಿ ಮೈಸೂರಿನಲ್ಲಿ. ಒಬ್ಬರ ಮುಖ ಒಬ್ಬರು ನೋಡಿ ಒಂಬತ್ತು ವರ್ಷವಾಗಿತ್ತು.

ಐರ್ಲೆಂಡಿನ ಪೇಪರು ಆ ಅಂಗಡಿಗೆ ಬರುತ್ತಿದ್ದುದು ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತನಾದ ಒಬ್ಬ ಐರಿಶ್ ಮುದುಕನಿಗಾಗಿ. ಬೇಲಿ ಹಾರುವ ಕುದುರೆಗಳ ರೇಸನ್ನು ಅಂಕಲ್‌ಗೆ ಪರಿಚಯಿಸಿದವನು ಅವನೇ. ನಮ್ಮ ಮೈಸೂರಿನಲ್ಲಿ ಬಯಲಿನ ಓಟ, ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಕೆಸರಿನಲ್ಲಿ ಮೂರು ಮೈಲಿ, ದಾರಿಯುದ್ದಕ್ಕೂ ಎದೆಯೆತ್ತರದ ಬೇಲಿ. ಮುದುಕ ತೀರಿಕೊಂಡ ಮೇಲೂ ಅಂಕಲ್ ಆ ಒಂದು ಪ್ರತಿಯನ್ನು ನಿಲ್ಲಿಸಲಿಲ್ಲ. ಅಂದಿನ ಓಟಗಳ ಪಟ್ಟಿಯಿರುವ ಶನಿವಾರದ ಪೇಪರು ಮಂಗಳವಾರ ಕೈಸೇರುತ್ತಿತ್ತು. ಫಲಿತಾಂಶವಿರುವ ಸೋಮವಾರದ ಪೇಪರು ಗುರುವಾರ. ಮಧ್ಯದ ಎರಡು ದಿನ ಅವರ ಹಬ್ಬ. ಒಂದು ಬಿಡಿಗಾಸನ್ನೂ ಕಟ್ಟುತ್ತಿರಲಿಲ್ಲ. ಬಡಗಿಗಳ ಚಪ್ಪಟೆ ಪೆನ್ಸಿಲ್ ಹಿಡಿದು, ಆರೇಳು ರೇಸಿನ ಅಷ್ಟೂ ಕುದುರೆಗಳಿಗೆ ಗೆಲ್ಲುವ ಅವಕಾಶ ಎಷ್ಟಿದೆ ಎಂದು ಒಂದೊಂದಾಗಿ ತೀರ್ಪು ಬರೆಯುತ್ತಿದ್ದರು.

ನಾನು ಮನೆಗೆ ಹೋಗುವ ಮೊದಲು ಹತ್ತು ನಿಮಿಷ ಅಲ್ಲೇ ನಿಲ್ಲುವುದು ರೂಢಿಯಾಯಿತು. ಐರಿಶ್ ಹೆಸರುಗಳು ಅವರ ನಾಲಿಗೆಗೆ ಹೊರಳುತ್ತಿರಲಿಲ್ಲ. ಹಾಗಾಗಿ ತಾವೇ ಹೆಸರಿಟ್ಟಿದ್ದರು. ಬಲಶಾಲಿಯೆಂದು ಎಲ್ಲಕ್ಕಿಂತ ಹೆಚ್ಚು ಭಾರ ಹೇರಿದ ಕುದುರೆ ತಾಸಿಲ್ದಾರ್. ಹದಿಮೂರು ವರ್ಷವಾದರೂ ಓಡುತ್ತಿದ್ದದ್ದು ಪೆನ್ಷನ್‌ದಾರ. ಒಂದು ಬಿಳಿ ಹೆಣ್ಣು ಕುದುರೆ ಮದುಮಗಳು.

“ತಾಸಿಲ್ದಾರ್‌ಗೆ ಆಗಲ್ಲಮ್ಮಾ ಇವತ್ತು. ನೆಲ ಒದ್ದೆ, ಮೇಲೆ ಅಷ್ಟು ಭಾರ. ಕೊನೇ ಎರಡು ಬೇಲೀಲಿ ಉಸಿರು ಕಟ್ಟತ್ತೆ. ಮದುಮಗಳಿಗೆ ಕೆಸರಂದ್ರೆ ಇಷ್ಟ, ಮೈಮೇಲೆ ಭಾರಾನೂ ಕಮ್ಮಿ. ಬಂದ್ರೆ ಅವಳೇ ಬರಬೇಕು.”

ಕುದುರೆಯ ಹೆಸರಿನ ಪಕ್ಕ ಹಿಂದಿನ ಓಟಗಳ ಲೆಕ್ಕ ಅಂಕಿಗಳಲ್ಲಿ ಇರುತ್ತಿತ್ತು. ಮೊದಲು ಬಂದರೆ ಒಂದು, ಮೂರನೆಯದಾದರೆ ಮೂರು. ನಡುನಡುವೆ ಇಂಗ್ಲಿಷ್ ಅಕ್ಷರ. ಎಫ್ ಎಂದರೆ ಬಿತ್ತು. ಪಿ ಎಂದರೆ ಇನ್ನು ಆಗದೆಂದು ಸವಾರನೇ ಲಗಾಮು ಎಳೆದು ನಿಲ್ಲಿಸಿದ. ಎಫ್‌ಗೆ ಅವರು ಹೆದರುತ್ತಿರಲಿಲ್ಲ, ಬಿದ್ದ ಕುದುರೆ ಎದ್ದು ಮುಂದಿನ ವಾರ ಗೆದ್ದದ್ದುಂಟು ಎನ್ನುತ್ತಿದ್ದರು. ಎರಡು ಪಿ ಒಟ್ಟಿಗೆ ಕಂಡರೆ ಮಾತ್ರ ಅಡ್ಡಗೆರೆ ಎಳೆದುಬಿಡುತ್ತಿದ್ದರು. ಸಮಾಧಾನಕ್ಕೆಂದು ಸುಳ್ಳು ಭರವಸೆ ಕೊಡುವ ಮನುಷ್ಯರಲ್ಲ. ತಮಗೆ ಎಲ್ಲಕ್ಕಿಂತ ಪ್ರೀತಿಯಿದ್ದ ಪೆನ್ಷನ್‌ದಾರನ ಪಕ್ಕದಲ್ಲೂ ವಾರವಾರವೂ ‘ಅವಕಾಶವಿಲ್ಲ’ ಎಂದೇ ಬರೆಯುತ್ತಿದ್ದರು.

ಅವರಿಗೆ ಒಂದೇ ಒಂದು ದೂರು. “ಭಾರ ಬರೀತಾರೆ, ವಯಸ್ಸು ಬರೀತಾರೆ, ಅಪ್ಪ ಯಾರು ಅಮ್ಮ ಯಾರು ಎಲ್ಲಾ ಬರೀತಾರೆ. ನಿನ್ನೆ ಹುರುಳಿ ತಿಂದಿತ್ತಾ ಇಲ್ವಾ, ಅದೊಂದು ಬರೆಯಲ್ಲ ನೋಡಮ್ಮಾ. ನಮ್ಮಪ್ಪ ಬೆಳಿಗ್ಗೆ ಮೊದಲು ನೋಡ್ತಾ ಇದ್ದಿದ್ದು ಹುರುಳಿ ತೊಟ್ಟಿ. ತೊಟ್ಟಿ ಹಾಗೇ ಇದ್ರೆ, ಎಂಥ ಕುದುರೆಯಾದ್ರೂ ಮುಗೀತು ಅಂತ.”

ಐರ್ಲೆಂಡಿನ ಕುದುರೆಗಳು ಹುರುಳಿ ತಿನ್ನುವುದಿಲ್ಲ ಎಂದು ನಾನು ರೇಗಿಸುತ್ತಿದ್ದೆ. ಇನ್ನೊಂದು ವಿಷಯಕ್ಕೂ ರೇಗಿಸುತ್ತಿದ್ದೆ. ಅಲ್ಲ ಅಂಕಲ್, ಓಟ ಮುಗಿದು ಮೂರು ದಿನ ಆಯ್ತು, ಆ ಕುದುರೆಗಳು ಸ್ನಾನ ಮಾಡಿ ನಿದ್ದೆ ಹೊಡೆದು ಎದ್ದಿವೆ, ನೀವಿನ್ನೂ ಯಾರು ಗೆಲ್ತಾರೆ ಅಂತ ತಲೆ ಕೆಡಿಸ್ಕೊಂಡಿದ್ದೀರಲ್ಲ, ಎಂದು. ಅವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಹೇಳುತ್ತಿದ್ದರು.

“ನನಗೆ ಗೊತ್ತಾಗೋ ತನಕ ಮುಗಿದಿಲ್ಲಮ್ಮಾ.”

ಊರಿನಿಂದ ತಿಂಗಳಿಗೊಂದು ನೀಲಿ ಕಾಗದ ಬರುತ್ತಿತ್ತು. ಹೆಂಡತಿಗೆ ಓದುಬರಹ ಇರಲಿಲ್ಲ. ಎದುರುಮನೆಯ ನಿವೃತ್ತ ಮೇಷ್ಟರು ಆಕೆ ಹೇಳಿದ್ದನ್ನು ಕನ್ನಡದಲ್ಲಿ ಬರೆದು ಕಳಿಸುತ್ತಿದ್ದರು. ಅಂಕಲ್ ಕಲಿತದ್ದು ಉರ್ದು. ಕನ್ನಡ ಅರಳು ಹುರಿದ ಹಾಗೆ ಮಾತಾಡುತ್ತಿದ್ದರೂ ಓದಲು ಬರುತ್ತಿರಲಿಲ್ಲ. ಹಾಗಾಗಿ ಓದಿ ಹೇಳುವ ಕೆಲಸ ನನ್ನದಾಯಿತು. ಆಡು ಈದಿದ್ದು, ಹಂಚು ಒಡೆದಿದ್ದು, ಅಕ್ಕನ ಮಗಳ ನಿಕಾ... ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಗಿರಾಕಿ ಬಂದರೆ ಕೈ ಎತ್ತಿ ತಡೆಯುತ್ತಿದ್ದರು.

ಆ ವರ್ಷಗಳಲ್ಲಿ ಆಮ್ನೆಸ್ಟಿ ಬಂದಿತ್ತು. ಕಾಗದವಿಲ್ಲದೆ ಬಹಳ ವರ್ಷದಿಂದ ಉಳಿದವರು ಅರ್ಜಿ ಹಾಕಿದರೆ ಗ್ರೀನ್ ಕಾರ್ಡ್ ಸಿಗುವ ಅವಕಾಶ. ಅಂಕಲ್‌ನ ಅರ್ಜಿ ತುಂಬಿದವಳೂ ನಾನೇ. ಕಾರ್ಡ್ ಕೈಗೆ ಬಂದರೆ ಊರಿಗೆ ಹೋಗಿ ಬರಬಹುದು, ನಿಧಾನವಾಗಿ ಹೆಂಡತಿಯನ್ನೂ ಕರೆಸಿಕೊಳ್ಳಬಹುದು. ಮಧ್ಯದಲ್ಲಿ ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಇಂಟರ್ವ್ಯೂಗೆ ಕರೆದ ಪತ್ರ ಬಂದ ದಿನ ಅವರು ನನಗೆ ಕಾಫಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಇನ್ನು ಮೂರು ವಾರ ಕಾದರೆ ಸಾಕಿತ್ತು.

ಆ ಕಾಗದ ಬಂದದ್ದು ಅದೇ ವಾರ. ಹೊರಗೆ ಮಳೆಯೂ ಹಿಮವೂ ಬೆರೆತ ಸ್ಲೀಟ್ ಬೀಳುತ್ತಿತ್ತು. ನನ್ನ ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಈ ಸಲ ಮೇಷ್ಟರು ತಾವೇ ಬರೆದಿದ್ದರು. ನಿಮ್ಮ ಮನೆಯವರಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿದೆ, ಡಾಕ್ಟರಿಗೆ ತೋರಿಸಿದ್ದೇವೆ, ರಕ್ತ ಕಮ್ಮಿಯಾಗಿದೆ ಎಂದಿದ್ದಾರೆ ಎಂದು ಓದಿದೆ. ಮುಂದಿನ ಸಾಲು ಹೀಗಿತ್ತು: ‘ಊಟ ಪೂರಾ ಬಿಟ್ಟಿದ್ದಾರೆ, ತಟ್ಟೆ ಇಟ್ಟದ್ದು ಇಟ್ಟಂತೆಯೇ ಇರುತ್ತದೆ, ಗಂಜಿ ಎರಡು ಚಮಚ ಹೋದರೆ ಹೆಚ್ಚು.’

ಆ ಸಾಲನ್ನು ನಾನು ಓದಲಿಲ್ಲ. ಅದರ ಕೆಳಗಿನ ‘ನಾವೆಲ್ಲ ಇದ್ದೇವೆ, ಚಿಂತೆ ಮಾಡಬೇಡಿ’ ಎಂಬುದಕ್ಕೆ ಹಾರಿದೆ.

ಯಾಕೆ ಎಂದು ಅಂದಿನಿಂದ ನೂರು ಸಲ ಕೇಳಿಕೊಂಡಿದ್ದೇನೆ. ನಮ್ಮ ಮನೆಗಳಲ್ಲಿ ಕೆಟ್ಟ ಸುದ್ದಿಯನ್ನು ಇದ್ದ ಹಾಗೆ ಹೇಳುವ ಪದ್ಧತಿಯಿಲ್ಲ. ನಮ್ಮಜ್ಜಿ ಹೋದಾಗ ನನಗೆ ‘ಸ್ವಲ್ಪ ಹುಷಾರಿಲ್ಲ’ ಎಂದೇ ಎರಡು ವಾರ ಬರೆದರು. ನಾನೂ ಹಾಗೇ ಬೆಳೆದವಳು. ಮೂರು ವಾರದ ಮಾತು, ಒಂಬತ್ತು ವರ್ಷ ಕಾದವರು ಈಗ ಎದ್ದು ಹೊರಟರೆ ಎಲ್ಲಾ ಹಾಳು ಎಂದು ಆ ಕ್ಷಣಕ್ಕೆ ಅನ್ನಿಸಿತು. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡೆ.

ಅಂಕಲ್ ಕಣ್ಣು ಬಿಟ್ಟು ಕೇಳಿದರು. “ಊಟ ಮಾಡ್ತಾಳಂತಾ?”

“ಅದೇನೂ ಬರೆದಿಲ್ಲ ಅಂಕಲ್.”

“ಪೇಪರ್‌ನವರ ಹಾಗೇ ಈ ಮೇಷ್ಟ್ರೂನೂ. ಅದೊಂದು ಬರೆಯಲ್ಲ.” ಸ್ವಲ್ಪ ಹೊತ್ತು ಪೆನ್ಸಿಲ್ಲಿನಿಂದ ಕೌಂಟರ್ ಕುಟ್ಟಿದರು. ಮೇಷ್ಟರು ಜ್ವರ ಬರೆದಿದ್ದಾರೆ, ರಕ್ತದ ವಿಷಯ ಬರೆದಿದ್ದಾರೆ ಎಂದು ಒಂದೊಂದಾಗಿ ತೂಗಿ ನೋಡಿದರು, ಶನಿವಾರದ ಪುಟದ ಮುಂದೆ ಕೂತ ಹಾಗೆಯೇ. ಆಮೇಲೆ ಅವರ ಮುಖ ಸಡಿಲವಾಯಿತು. “ತಿಂತಿಲ್ಲ ಅಂದಿದ್ರೆ ಬರೀದೇ ಇರ್ತಿದ್ರಾ? ತಿಂತಿದ್ದಾಳೆ. ತಿಂತಿದ್ರೆ ಏನಾಗಲ್ಲ. ಇಂಟರ್ವ್ಯೂ ಮುಗಿಸ್ಕೊಂಡೇ ಹೋಗ್ತೀನಮ್ಮಾ.”

ಬಾಯಿ ಬಿಡಲು ಅದೇ ಸಮಯವಾಗಿತ್ತು. ನಾನು ಛತ್ರಿ ಬಿಡಿಸಿಕೊಂಡು ಮನೆಗೆ ಹೋದೆ.

ತಂತಿ ಬಂದದ್ದು ಎಂಟು ದಿನ ಬಿಟ್ಟು. ನಾನು ಹೋದಾಗ ಅವರು ಎಂದಿನಂತೆ ಚಿಲ್ಲರೆ ಎಣಿಸಿ ಕೊಡುತ್ತಿದ್ದರು. ಗಿರಾಕಿ ಹೊರಟ ಮೇಲೆ ತಂತಿಯನ್ನು ನನ್ನ ಕಡೆ ತಳ್ಳಿದರು. ಇಂಗ್ಲಿಷಿನಲ್ಲಿತ್ತು, ಅದನ್ನು ಓದಲು ಅವರಿಗೆ ನನ್ನ ಸಹಾಯ ಬೇಕಿರಲಿಲ್ಲ. ಹೆಂಡತಿ ಹೋಗಿದ್ದರು, ದಫನ್ ಆಗಲೇ ಮುಗಿದಿತ್ತು. ಅವರು ಕೂತು ತೀರ್ಪು ಬರೆದ ಓಟಗಳೆಲ್ಲ ಬರೆಯುವ ಮೊದಲೇ ಮುಗಿದುಹೋದವು. ಇದೊಂದು ಮಾತ್ರ, ಕಾಗದ ಬಂದ ದಿನ, ಇನ್ನೂ ಮುಗಿದಿರಲಿಲ್ಲ. ಅವತ್ತೇ ವಿಮಾನ ಹತ್ತಿದ್ದರೆ ಮುಖ ನೋಡಬಹುದಿತ್ತು. ಐದಾರು ದಿನ ಪಕ್ಕದಲ್ಲಿ ಕೂತಿರಬಹುದಿತ್ತು. ಇದು ಅವರಿಗೂ ಗೊತ್ತಿತ್ತು.

“ಆ ಕಾಗದದಲ್ಲಿ ಊಟದ ವಿಷಯ ನಿಜವಾಗ್ಲೂ ಇರಲಿಲ್ವಾಮ್ಮಾ?”

“ಇರಲಿಲ್ಲ ಅಂಕಲ್.”

ಎರಡನೇ ಸಲ ಹೇಳಿದ ಈ ಸುಳ್ಳಿಗೆ ನಾನು ಯಾವ ಕಾರಣವನ್ನೂ ಕೊಡಲಾರೆ. ಮೊದಲನೆಯದು ಅವರಿಗಾಗಿ ಹೇಳಿದ್ದು ಎಂದಾದರೂ ಅಂದುಕೊಳ್ಳಬಹುದು. ಇದು ಬರೀ ನನಗಾಗಿ.

ಇಂಟರ್ವ್ಯೂಗೆ ಅವರು ಹೋಗಲಿಲ್ಲ. ನಾನು ರಜೆ ಹಾಕಿ, ಕಾರು ಗೊತ್ತು ಮಾಡಿ ಅಂಗಡಿ ಮುಂದೆ ನಿಂತಿದ್ದೆ. ಅವರು ಪೇಪರ್ ಕಟ್ಟಿನ ದಾರ ಕತ್ತರಿಸುತ್ತಾ, “ಯಾರಿಗಮ್ಮಾ ಕಾರ್ಡು?” ಎಂದಷ್ಟೇ ಅಂದರು. ಚಳಿ ಮುಗಿಯುವ ಹೊತ್ತಿಗೆ ಊರಿಗೇ ಹೊರಟರು. ಹೆಂಡತಿಯ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಿದ್ದರು. ನನ್ನ ಕೈಗೆ ರೇಸಿನ ಒಂದು ಪುಟ ಕೊಟ್ಟರು. “ಗುರುವಾರ ರಿಸಲ್ಟ್ ಬರತ್ತೆ. ನೀನೇ ನೋಡ್ಕೊಮ್ಮಾ.”

ಮನೆಗೆ ಬಂದು ಬಿಡಿಸಿದರೆ ಒಳಗೆ ಆ ನೀಲಿ ಕಾಗದ. ನಾನು ಬಿಟ್ಟ ಸಾಲಿನ ಕೆಳಗೆ ಚಪ್ಪಟೆ ಪೆನ್ಸಿಲ್ಲಿನ ದಪ್ಪ ಗೆರೆ. ಯಾರಿಂದಲೋ ಓದಿಸಿದ್ದರು. ಎಂದು ಓದಿಸಿದರೋ... ಅದಾದ ಮೇಲೂ ಎಷ್ಟು ವಾರ ನನಗೆ ನಗುತ್ತಾ ಕಾಫಿ ಕೊಟ್ಟರೋ. ಪುಟದ ಕೆಳಗಿನ ಖಾಲಿ ಜಾಗದಲ್ಲಿ, ಯಾವ ಕುದುರೆಗೂ ಸೇರದಂತೆ, ಎರಡು ಸಾಲು ಉರ್ದು ಬರೆದಿತ್ತು. ಗುರುವಾರ ನಾನು ಅಂಗಡಿಯ ಕಡೆ ಹೋಗಲಿಲ್ಲ.

ಅವರಿಂದ ಮುಂದೆ ಒಂದು ಕಾಗದವೂ ಬರಲಿಲ್ಲ. ವಯಸ್ಸಿನ ಲೆಕ್ಕ ಹಾಕಿದರೆ ಹೋಗಿ ಎಷ್ಟೋ ವರ್ಷವಾಗಿರಬೇಕು. ಕ್ಷಮೆ ಕೇಳಲು ಇನ್ನು ಯಾರೂ ಉಳಿದಿಲ್ಲ.

ಆದರೂ ಕಳೆದ ವಾರ ಹಾಳೆಯನ್ನು ಎತ್ತಿಕೊಂಡು ನಮ್ಮ ಬೀದಿಯಲ್ಲೇ ಇರುವ ಬೆಂಗಳೂರಿನ ಹುಡುಗಿಯ ಮನೆಗೆ ಹೋದೆ. ಔಷಧಿ ಕಂಪನಿಯಲ್ಲಿ ಕೆಲಸ ಮಾಡುವವಳು, ಉರ್ದು ಚೆನ್ನಾಗಿ ಓದುತ್ತಾಳೆ. ನನ್ನ ಮುಂದೆ ಟೀ, ಒಂದು ತಟ್ಟೆ ಸಮೋಸ ಇಟ್ಟು, ಖುಷಿಯಿಂದಲೇ ಶುರು ಮಾಡಿದಳು. “ಭಾರ ಜಾಸ್ತಿ, ಆಗಲ್ಲ. ಕೆಸರಿಗೆ ಒಳ್ಳೇದು. ಪೆನ್ಷನ್‌ದಾರ, ಅವಕಾಶವಿಲ್ಲ... ಇದ್ಯಾರು ಆಂಟಿ ಪೆನ್ಷನ್‌ದಾರ?” ಎಂದು ನಕ್ಕಳು. ಕೆಳಗಿನ ಎರಡು ಸಾಲಿಗೆ ಬಂದಾಗ ನಿಂತಳು. ಅವಳ ಕಣ್ಣು ಬಲದಿಂದ ಎಡಕ್ಕೆ ಒಂದು ಸಲ ಹೋಯಿತು, ಇನ್ನೊಂದು ಸಲ ಹೋಯಿತು.

“ಇಲ್ಲಿ ಅಳಿಸಿಹೋಗಿದೆ ಆಂಟಿ. ಕುದುರೆ ವಿಷ್ಯಾನೇ ಇರಬೇಕು.”

ಅಕ್ಷರ ಅಳಿಸಿರಲಿಲ್ಲ. ಟೇಬಲ್ಲಿನ ಈಚೆಯಿಂದ ನನಗೂ ಕಪ್ಪಗೆ ಕಾಣುತ್ತಿತ್ತು. ಒಂದು ಸಾಲು ಹಾರಿಸುವವರ ಮುಖ ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪಾಪ, ಒಳ್ಳೆಯ ಹುಡುಗಿ, ನನಗೆ ನೋವಾಗಬಾರದು ಅಂದುಕೊಂಡಳು. ಹೌದಾ ಎಂದೆ. ಹಾಳೆಯನ್ನು ಅದೇ ಮಡಿಕೆಗಳಲ್ಲಿ ಮಡಚಿದೆ.

ಅವಳು ಬೇರೆ ಮಾತಿಗೆ ಹೊರಳಲು ತಟ್ಟೆಯನ್ನು ನನ್ನ ಕಡೆ ಸರಿಸಿದಳು. “ಏನಾಂಟಿ, ಏನೂ ತಿಂದೇ ಇಲ್ವಲ್ಲ ನೀವು?”

ತಟ್ಟೆ ಇಟ್ಟದ್ದು ಇಟ್ಟಂತೆಯೇ ಇತ್ತು.